ಅಣೆಕಟ್ಟಿನ ಮೈಮೇಲಿನ ಬಿಳಿ ಗೆರೆಗಳು: ಸೋರುವ ಕಾಂಕ್ರೀಟಿಗೆ ಎಷ್ಟು ಹೆದರಬೇಕು?

ಪ್ರಶ್ನೆ: ನಾನು ಜಮಖಂಡಿಯವನು, ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿದ್ದೇನೆ. ಮಗಳನ್ನು ಕರಾವಳಿಗೆ ಕೊಟ್ಟಿದ್ದೇವೆ. ಕಳೆದ ದೀಪಾವಳಿಗೆ ಹೋಗಿದ್ದಾಗ, ಅವರ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಕಾಂಕ್ರೀಟ್ ಅಣೆಕಟ್ಟನ್ನು ತೋರಿಸಲು ಅಳಿಯಂದಿರು ಕರೆದುಕೊಂಡು ಹೋದರು. ಎತ್ತರ ಸುಮಾರು 30 ಮೀಟರ್ ಇರಬಹುದು. ಕೆಳಗಿನಿಂದ ನೋಡಿದರೆ ಗೋಡೆಯ ಮೇಲೆ ಅಲ್ಲಲ್ಲಿ ಕಪ್ಪಾಗಿ ಒದ್ದೆಯಾದ ಪಟ್ಟೆಗಳು, ಮೇಣದಬತ್ತಿ ಕರಗಿ ಇಳಿದಂತೆ ಬಿಳಿ ಗೆರೆಗಳು ಕಂಡವು. ಒಂದು ಸಂದಿನಿಂದ ಬೆರಳು ಗಾತ್ರದ ನೀರು ಸುರಿಯುತ್ತಲೇ ಇತ್ತು. ಸಮುದ್ರದ ಉಪ್ಪು ಗಾಳಿ ಸಿಮೆಂಟನ್ನು ತಿಂದಿದೆ, ಇನ್ನು ಐದು ವರ್ಷವಷ್ಟೇ ಎಂದು ಅಲ್ಲಿದ್ದವರೊಬ್ಬರು ಹೇಳಿದರು. ಮಗಳ ಮನೆ ಅದೇ ನದಿಯ ದಂಡೆಯಿಂದ ತುಸು ದೂರದಲ್ಲಿದೆ. ಮನೆ ಬದಲಿಸಲು ಹೇಳಬೇಕೇ? ಅವಳ ಅಡುಗೆಮನೆಯ ಫಿಲ್ಟರಿನ ಕ್ಯಾಂಡಲ್ ತಿಂಗಳೊಳಗೆ ಕೆಂಪಾಗುತ್ತದೆ. ಅದು ಅಣೆಕಟ್ಟಿನ ಕಬ್ಬಿಣ ತುಕ್ಕು ಹಿಡಿದದ್ದೇ? ತುಂಗಭದ್ರೆಯ ಗೇಟ್ ಕೊಚ್ಚಿಹೋದ ಸುದ್ದಿ ಓದಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಬೇಸಿಗೆಯಲ್ಲಿ ನೀರು ಖಾಲಿ ಮಾಡಿ ಗಟ್ಟಿಯಾಗಿ ಗಿಲಾವು ಮಾಡಿಸಿದರೆ ಆಗದೇ? ಇನ್ನೊಂದು: ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲವೆಂದು ನಮ್ಮ ಅಣ್ಣ ಹೇಳುತ್ತಾರೆ, ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಅಣೆಕಟ್ಟಿನ ಹೆಸರಿತ್ತು, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಎದುರಿಗೆ ನಿಂತು ನೋಡದ, ಸೋರಿಕೆಯ ಅಳತೆಯ ಪುಸ್ತಕ ಕೈಗೆ ಸಿಗದ ಅಣೆಕಟ್ಟಿನ ಆರೋಗ್ಯದ ಬಗ್ಗೆ ತೀರ್ಪು ಕೊಡುವುದು ವೃತ್ತಿಗೆ ತಕ್ಕದ್ದಲ್ಲ. ಆದರೆ ನೀವು ಕಂಡದ್ದನ್ನು ಬಹಳ ಚೆನ್ನಾಗಿ ವಿವರಿಸಿದ್ದೀರಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಕಣಿವೆಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಅಣೆಕಟ್ಟುಗಳ ನಿರ್ವಹಣೆಯ ಕೆಲಸ ಮಾಡಿದ ನನಗೆ ಆ ಒದ್ದೆ ಪಟ್ಟೆ, ಆ ಬಿಳಿ ಗೆರೆ, ಆ ಸಂದಿನ ನೀರು ಮೂರೂ ಹಳೆಯ ಪರಿಚಯದವು. ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಹೆಣೆದುಕೊಂಡಿವೆ: ಅಣೆಕಟ್ಟು ಒಡೆಯುತ್ತದೆಯೇ, ನೀರು ಕುಡಿಯಲು ಯೋಗ್ಯವೇ, ಸೋರಿಕೆ ನಿಲ್ಲಿಸಲು ಸಾಧ್ಯವಿದ್ದೂ ಯಾರೂ ನಿಲ್ಲಿಸುತ್ತಿಲ್ಲವೇ. ಇವುಗಳನ್ನು ಬಿಡಿಸಿ ನೋಡಬೇಕು, ಏಕೆಂದರೆ ಒಂದರ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲು ಸೋರಿಕೆ. ನಮ್ಮ ಭಾಗದವರ ಮನಸ್ಸಿನಲ್ಲಿ ಅಣೆಕಟ್ಟು ಎಂದರೆ ಮಣ್ಣಿನ ಏರಿ. ಹಿಡಕಲ್ ಅಣೆಕಟ್ಟಿನ ಸುಮಾರು ಹತ್ತು ಕಿಲೋಮೀಟರ್ ಉದ್ದದಲ್ಲಿ ಬಹುಪಾಲು ಮಣ್ಣಿನ ಏರಿಯೇ. ಏರಿಯಲ್ಲಿ ನೀರು ಜಿನುಗಿತೆಂದರೆ ಊರವರು ಗಾಬರಿಯಾಗುವುದು ಸರಿ, ಯಾಕೆಂದರೆ ಜಿನುಗುವ ನೀರು ಮಣ್ಣಿನ ಕಣವನ್ನು ಎಳೆದುಕೊಂಡು ಬರುತ್ತದೆ, ಕಣ ಹೋದಲ್ಲಿ ದಾರಿ ಅಗಲವಾಗುತ್ತದೆ, ಅಗಲವಾದ ದಾರಿಯಲ್ಲಿ ಇನ್ನೂ ಹೆಚ್ಚು ನೀರು ನುಗ್ಗುತ್ತದೆ. ಗಂಟೆಗಳಲ್ಲಿ ಏರಿ ಬಾಯಿಬಿಡಬಹುದು. 1961ರ ಜುಲೈ 12ರಂದು ಪುಣೆಯ ಮೇಲೆ ಬಂದ ಪಾನಶೇತ್ ದುರಂತ, 1979ರಲ್ಲಿ ಗುಜರಾತಿನ ಮೋರ್ಬಿ, 2019ರ ಜುಲೈಯಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ, ಈ ಮೂರರಲ್ಲೂ ಕೊಚ್ಚಿಹೋದದ್ದು ಮಣ್ಣು. ಕಾರಣಗಳು ಬೇರೆಬೇರೆ. ಮೋರ್ಬಿಯಲ್ಲಂತೂ ಪ್ರವಾಹದ ನೀರು ಏರಿಯ ತಲೆಯ ಮೇಲೆಯೇ ಹರಿದು ಎರಡೂ ಬದಿಯ ಮಣ್ಣು ಹೋಯಿತು, ನಡುವಿನ ಕಲ್ಲುಕಟ್ಟಡದ ಕೋಡಿ ನಿಂತೇ ಇತ್ತು.

ಕಾಂಕ್ರೀಟ್ ಅಣೆಕಟ್ಟಿನ ಸ್ವಭಾವ ಬೇರೆ. ಅದು ನಿಂತಿರುವುದು ತನ್ನ ತೂಕದ ಬಲದಿಂದ. ನೀವು ಹೇಳಿದ 30 ಮೀಟರ್ ಎತ್ತರವನ್ನೇ ಹಿಡಿದು ಒಂದು ಸ್ಥೂಲ ಲೆಕ್ಕ ಮಾಡೋಣ. ಅಣೆಕಟ್ಟಿನ ಉದ್ದದ ಪ್ರತಿ ಒಂದು ಮೀಟರಿನ ಮೇಲೆ ತುಂಬಿದ ಜಲಾಶಯ ಅಡ್ಡಲಾಗಿ ತಳ್ಳುವ ಬಲ ಸುಮಾರು 450 ಟನ್. ತಳದಲ್ಲಿ 24 ಮೀಟರ್ ಅಗಲವಿರುವ ತ್ರಿಕೋನಾಕಾರದ ಗೋಡೆ ಎಂದುಕೊಂಡರೆ, ಅದೇ ಒಂದು ಮೀಟರ್ ಉದ್ದದ ಕಾಂಕ್ರೀಟಿನ ತೂಕ ಸುಮಾರು 860 ಟನ್. ಬೆರಳು ಗಾತ್ರದ ನೀರು ಹರಿದುಹೋದದ್ದರಿಂದ ಈ ತೂಕ ಕಡಿಮೆಯಾಗುವುದಿಲ್ಲ, ಆ ನೀರು ಎಳೆದುಕೊಂಡು ಹೋಗಲು ಒಳಗೆ ಮಣ್ಣೂ ಇಲ್ಲ.

ಹಾಗಾದರೆ ಕಾಂಕ್ರೀಟಿಗೆ ನೀರಿನ ಭಯವೇ ಇಲ್ಲವೇ? ಇದೆ, ಆದರೆ ಅದು ನಿಮ್ಮ ಕಣ್ಣಿಗೆ ಬಿದ್ದ ನೀರಿನದಲ್ಲ. ತಳದ ಬಂಡೆಯ ಬಿರುಕುಗಳಲ್ಲಿ ಹೊಕ್ಕ ನೀರು ಹೊರಹೋಗಲು ದಾರಿಯಿಲ್ಲದೆ ಅಣೆಕಟ್ಟನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಮೇಲಿನ ಉದಾಹರಣೆಯಲ್ಲಿ ಬಸಿದುಹೋಗುವ ವ್ಯವಸ್ಥೆಯೇ ಇಲ್ಲದಿದ್ದರೆ ಈ ಎತ್ತುವ ಒತ್ತಡ ಮೀಟರಿಗೆ 360 ಟನ್ನಿನವರೆಗೆ ಬರಬಹುದು. 860 ಟನ್ ತೂಕದಲ್ಲಿ 360 ಟನ್ನನ್ನು ನೀರೇ ಹೊತ್ತುಕೊಂಡರೆ ಗೋಡೆ ಜಾರದಂತೆ ಹಿಡಿಯಲು ಉಳಿಯುವುದು 500 ಟನ್ ಮಾತ್ರ. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಇದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 1895ರಲ್ಲಿ ಫ್ರಾನ್ಸಿನ ಬೂಜೆ ಅಣೆಕಟ್ಟು ಒಡೆದ ಮೇಲೆಯೇ ಜಗತ್ತು ಇದನ್ನು ಗಂಭೀರವಾಗಿ ಎಣಿಸತೊಡಗಿತು. ಆದ್ದರಿಂದ ಇಂದಿನ ಅಣೆಕಟ್ಟುಗಳ ಹೊಟ್ಟೆಯಲ್ಲಿ ಉದ್ದಕ್ಕೂ ಒಂದು ಸುರಂಗ ಇರುತ್ತದೆ, ಅದಕ್ಕೆ ಗ್ಯಾಲರಿ ಎನ್ನುತ್ತೇವೆ. ಅದರ ನೆಲದಿಂದ ಬಂಡೆಯೊಳಕ್ಕೆ ಸಾಲಾಗಿ ರಂಧ್ರಗಳನ್ನು ಕೊರೆದು, ನೀರನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡು, ಚರಂಡಿಯಲ್ಲಿ ಹರಿಸಿ ಪಂಪಿನಿಂದ ಹೊರಹಾಕುತ್ತಾರೆ. ಗ್ಯಾಲರಿಗೆ ಮೊದಲ ಸಲ ಇಳಿದವರು ಎರಡೂ ಬದಿ ನೀರು ತೊಟ್ಟಿಕ್ಕುವುದನ್ನು ಕಂಡು ಹೌಹಾರುತ್ತಾರೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನನಗೂ ಹಾಗೆಯೇ ಆಗಿತ್ತು. ಜೊತೆಗಿದ್ದ ಹಿರಿಯ ಮೇಸ್ತ್ರಿಯೊಬ್ಬರು ಚರಂಡಿಯ ತುದಿಯಲ್ಲಿ ಸೋರಿಕೆ ಅಳೆಯಲು ಇಟ್ಟ ತ್ರಿಕೋನದ ಕಚ್ಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪಟ್ಟಿಯ ಮೇಲೆ ನೀರಿನ ಎತ್ತರ ನೋಡಿ ಬರೆದುಕೊಂಡರು, ಆಮೇಲೆ, ‘ಸಾಹೇಬ್ರ, ನೀರ್ ಬಂದ್ರ ಚಿಂತಿ ಇಲ್ಲ, ನಿಂತ್ರ ನನಗ ಹೇಳ್ರಿ’ ಎಂದರು. ಬಸಿ ರಂಧ್ರದಲ್ಲಿ ನೀರು ನಿಂತಿತೆಂದರೆ ಸುಣ್ಣ ಕಟ್ಟಿ ಅದು ಮುಚ್ಚಿಹೋಗಿರಬಹುದು, ಆಗ ಒತ್ತಡ ಒಳಗೇ ಬೆಳೆಯುತ್ತದೆ.

ನೀವು ಹೊರಮೈಯಲ್ಲಿ ಕಂಡ ಸಂದು ಕಟ್ಟುವಾಗಲೇ ಬಿಟ್ಟದ್ದು. ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮನೆಯ ಸ್ಲ್ಯಾಬಿನಲ್ಲಿ ಆ ಬಿಸಿ ಗಾಳಿಗೆ ಹೋಗುತ್ತದೆ, ಹತ್ತಾರು ಮೀಟರ್ ದಪ್ಪದ ಅಣೆಕಟ್ಟಿನಲ್ಲಿ ಅದು ವರ್ಷಗಟ್ಟಲೆ ಒಳಗೇ ಉಳಿದು ನಿಧಾನವಾಗಿ ಆರುತ್ತದೆ, ಆರುವಾಗ ಕಾಂಕ್ರೀಟ್ ಕುಗ್ಗುತ್ತದೆ. ಕುಗ್ಗಲು ಜಾಗ ಕೊಡದಿದ್ದರೆ ತನಗೆ ಬೇಕಾದಲ್ಲಿ ಸೀಳುತ್ತದೆ. ಅದಕ್ಕಾಗಿ ಅಣೆಕಟ್ಟನ್ನು ಸಾಮಾನ್ಯವಾಗಿ 15 ಮೀಟರ್ ಆಸುಪಾಸಿನ ಬ್ಲಾಕುಗಳಾಗಿ ಕಟ್ಟಿ, ನಡುವಿನ ಸಂದಿಗೆ ನೀರಿನ ಬದಿಯಲ್ಲಿ ತಾಮ್ರದ ಅಥವಾ ಪಿವಿಸಿಯ ತಡೆಪಟ್ಟಿ ಹೂಳುತ್ತಾರೆ. ಆ ಪಟ್ಟಿ ಎಲ್ಲೋ ಮಡಚಿದ್ದರೆ, ಹರಿದಿದ್ದರೆ ಅಥವಾ ಅದರ ಸುತ್ತ ಕಾಂಕ್ರೀಟನ್ನು ಸರಿಯಾಗಿ ದಮ್ಮಸು ಮಾಡದೆ ಬಿಟ್ಟಿದ್ದರೆ ಅಲ್ಲಿಂದ ನೀರು ಬರುತ್ತದೆ. ಇದು ಕೆಲಸದ ದೋಷ ಹೌದು, ಆದರೆ ಅಣೆಕಟ್ಟು ಬಿರಿದಿದೆ ಎಂದು ಅದರರ್ಥವಲ್ಲ. ನೀವು ಹೋದದ್ದು ದೀಪಾವಳಿಯಲ್ಲಿ ಎಂಬುದನ್ನೂ ಗಮನಿಸಿ. ಮಳೆಗಾಲ ಮುಗಿದು ಜಲಾಶಯ ತುಂಬಿರುತ್ತದೆ, ಮುಂದಿನ ತಿಂಗಳುಗಳ ತಂಪಿಗೆ ಬ್ಲಾಕುಗಳು ತುಸು ಕುಗ್ಗಿ ಸಂದು ಅಗಲವಾಗುತ್ತದೆ. ಕಾಂಕ್ರೀಟ್ ಅಣೆಕಟ್ಟು ವರ್ಷದಲ್ಲಿ ಅತಿ ಹೆಚ್ಚು ಸೋರುವುದು ಆ ಕಾಲದಲ್ಲಿಯೇ. ಅದೇ ಸಂದನ್ನು ಏಪ್ರಿಲ್‌ನಲ್ಲಿ ನೋಡಿದರೆ ಒಣಗಿರಲೂಬಹುದು.

ಬೆರಳು ಗಾತ್ರದ ನೀರು ಎಂದರೆ ಎಷ್ಟು? 10 ಲೀಟರಿನ ಬಕೆಟ್ 20 ಸೆಕೆಂಡಿಗೆ ತುಂಬುತ್ತದೆ ಎಂದುಕೊಳ್ಳಿ. ದಿನಕ್ಕೆ 43,200 ಲೀಟರ್ ಆಗುತ್ತದೆ, 12,000 ಲೀಟರಿನ ಟ್ಯಾಂಕರುಗಳಲ್ಲಿ ನಾಲ್ಕಕ್ಕೂ ಕಡಿಮೆ. ಕೇಳಲು ದೊಡ್ಡದೇ. ಆದರೆ ಒಂದು ಚದರ ಕಿಲೋಮೀಟರ್ ವಿಸ್ತಾರದ ಜಲಾಶಯದಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಬಿಸಿಲು ಕುಡಿಯುವುದು 50 ಲಕ್ಷ ಲೀಟರ್, ಅಂದರೆ ಆ ಸಂದು ಕೊಡುವುದರ ನೂರು ಪಟ್ಟಿಗೂ ಹೆಚ್ಚು. ಪಟ್ಟಣದ ನೀರು ಸೋರಿಹೋಗುತ್ತಿದೆ ಎಂಬ ಚಿಂತೆಗೆ ಇಲ್ಲಿ ಜಾಗವಿಲ್ಲ.

ಇನ್ನು ಬಿಳಿ ಗೆರೆಗಳು. ನಿಮ್ಮ ಜಮಖಂಡಿಯ ಮನೆಯಲ್ಲಿ ಬೋರಿನ ಸವಳು ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲವೇ, ಅದೂ ಅಣೆಕಟ್ಟಿನ ಮೇಲಿನ ಗೆರೆಯೂ ಒಂದೇ ವಸ್ತು: ಕ್ಯಾಲ್ಸಿಯಂ ಕಾರ್ಬೊನೇಟ್. ಎರಡರ ಮೇಲೂ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯೇಳುತ್ತದೆ. ಬಂದ ದಾರಿ ಮಾತ್ರ ಬೇರೆ. ನಮ್ಮಲ್ಲಿ ನೀರೇ ನೆಲದಿಂದ ಸುಣ್ಣದ ಅಂಶ ಹೊತ್ತು ಬರುತ್ತದೆ, ಕಾಸಿದಾಗ ಕೆಳಗಿಳಿಸುತ್ತದೆ. ಕರಾವಳಿಯಲ್ಲಿ ಘಟ್ಟದ ಮಳೆಯ ನೀರು ಜಂಬಿಟ್ಟಿಗೆಯ ನೆಲದ ಮೇಲೆ ಹರಿದು ಬರುವುದರಿಂದ ಅದರಲ್ಲಿ ಖನಿಜಗಳು ತೀರ ಕಡಿಮೆ. ಹಾಗೆ ಬರಿಗೈಯಲ್ಲಿ ಬಂದ ನೀರಿಗೆ ಸುಣ್ಣದ ಹಸಿವು ಹೆಚ್ಚು. ಸಿಮೆಂಟ್ ಗಟ್ಟಿಯಾದ ಮೇಲೆ ಒಳಗೆ ಸ್ವಲ್ಪ ಬಿಡಿ ಸುಣ್ಣ ಉಳಿದೇ ಇರುತ್ತದೆ. ಜಿನುಗುವ ನೀರು ಅದನ್ನು ಕರಗಿಸಿಕೊಂಡು ಹೊರಮೈಗೆ ಬಂದು, ಗಾಳಿಯ ಇಂಗಾಲಾಮ್ಲವನ್ನು ಕೂಡಿಕೊಂಡು, ಅಲ್ಲೇ ಹೆಪ್ಪುಗಟ್ಟುತ್ತದೆ. ಹೀಗಾಗಿ ಅಷ್ಟೇ ಒಳ್ಳೆಯ ಕಾಂಕ್ರೀಟಾದರೂ ಕೃಷ್ಣಾ ತೀರಕ್ಕಿಂತ ಕರಾವಳಿಯಲ್ಲಿ ಗೆರೆ ಬೇಗ ಮೂಡುತ್ತದೆ. ಇದೇ ಸುಣ್ಣ ಎಷ್ಟೋ ಸಲ ಕೂದಲೆಳೆಯಂಥ ಬಿರುಕುಗಳನ್ನು ತಾನೇ ತುಂಬಿ ಮುಚ್ಚಿಬಿಡುತ್ತದೆ. ಹೊಸ ಅಣೆಕಟ್ಟು ಮೊದಲ ಒಂದೆರಡು ಮಳೆಗಾಲ ಹೆಚ್ಚು ಜಿನುಗಿ ಆಮೇಲೆ ತಾನಾಗಿ ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ.

ಇದರರ್ಥ ಸುಣ್ಣ ಹೋಗುತ್ತಲೇ ಇರಲಿ ಎಂದಲ್ಲ. ದಶಕಗಟ್ಟಲೆ, ಒಂದೇ ಜಾಗದಿಂದ, ಹೆಚ್ಚುತ್ತ ಹೋದರೆ ಆ ಭಾಗದ ಕಾಂಕ್ರೀಟ್ ಬೆಂಡಿನಂತೆ ಟೊಳ್ಳಾಗುತ್ತದೆ. 1895ರಲ್ಲಿ ಸುಣ್ಣ ಮತ್ತು ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆಯಲ್ಲಿ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ಬಗ್ಗೆ ನಡೆದ ವಾದಗಳಲ್ಲಿ ಈ ಸುಣ್ಣದ ನಷ್ಟವೂ ಒಂದು ಮುಖ್ಯ ವಿಷಯ. ಅಲ್ಲಿ ಉಕ್ಕಿನ ಕೇಬಲ್‌ಗಳನ್ನು ಬಂಡೆಯವರೆಗೆ ಇಳಿಸಿ ಬಿಗಿದು, ತಲೆಗೆ ಕಾಂಕ್ರೀಟಿನ ತೂಕ ಹೇರಿ, ಹಿಂಬದಿಗೆ ಕಾಂಕ್ರೀಟಿನ ಆಸರೆ ಕಟ್ಟಿ ಬಲಪಡಿಸಿದರು.

ಉಪ್ಪು ಗಾಳಿಯ ಮಾತಿನಲ್ಲಿ ಒಂದು ಕಾಳು ಸತ್ಯವಿದೆ, ಅದು ಬೇರೆ ಕಡೆ ಬಿದ್ದಿದೆ. ಉಪ್ಪು ತಿನ್ನುವುದು ಕಾಂಕ್ರೀಟಿನೊಳಗಿನ ಉಕ್ಕಿನ ಸರಳನ್ನು. ತುಕ್ಕು ಹಿಡಿದ ಸರಳು ಉಬ್ಬಿ ಮೇಲಿನ ಕಾಂಕ್ರೀಟನ್ನು ಸಿಡಿಸುತ್ತದೆ, ಕಡಲದಂಡೆಯ ಹಳೆಯ ಸೇತುವೆಗಳಲ್ಲಿ ಇದನ್ನು ಕಾಣಬಹುದು. ಆದರೆ ತೂಕದ ಬಲದ ಮೇಲೆ ನಿಂತ ಅಣೆಕಟ್ಟಿನ ಮೈಯಲ್ಲಿ ಸರಳುಗಳೇ ಬಹುಮಟ್ಟಿಗೆ ಇರುವುದಿಲ್ಲ. ಗ್ಯಾಲರಿಯ ಸುತ್ತ, ಕೋಡಿಯ ಕಂಬಗಳಲ್ಲಿ, ಮೇಲಿನ ಸೇತುವೆಯಲ್ಲಿ ಇರುತ್ತವೆ. ಘಟ್ಟದ ಬುಡದ ಅಣೆಕಟ್ಟಿಗೆ ಸಮುದ್ರದ ಉಪ್ಪು ತಲುಪುವುದೂ ಕಷ್ಟ. ಉಬ್ಬರದ ನೀರು ಹತ್ತಿರ ಬರುವಂಥ ನದಿಯ ಕೆಳಭಾಗದಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟುಗಳ ಕಂಬ, ಹಲಗೆ, ಗೇಟುಗಳ ವಿಷಯದಲ್ಲಿ ಮಾತ್ರ ಈ ಎಚ್ಚರ ಬೇಕೇಬೇಕು. ಕರಾವಳಿಯ ಕಿಂಡಿ ಅಣೆಕಟ್ಟೆಂದರೆ ಹೆಚ್ಚುಕಡಿಮೆ ನಮ್ಮ ಬ್ಯಾರೇಜು. ನಿಮ್ಮದೇ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ದಿವಂಗತ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಹಾಕಿ, ಬೆವರು ಸುರಿಸಿ 1989ರಲ್ಲಿ ಕಟ್ಟಿದ ಶ್ರಮಬಿಂದು ಸಾಗರ ನಿಮಗೆ ಗೊತ್ತೇ ಇದೆ. ಮಂಗಳೂರಿಗೆ ನೇತ್ರಾವತಿಯ ನೀರು ನಿಲ್ಲಿಸುವ ತುಂಬೆ, ಉಡುಪಿಗೆ ಸ್ವರ್ಣಾ ನದಿಯ ನೀರು ಕೊಡುವ ಬಜೆ ಆ ಜಾತಿಯವು, ನೀವು ನೋಡಿದ್ದು ಆ ಜಾತಿಯದಲ್ಲ.

‘ಐದು ವರ್ಷ’ ಎಂದವರಿಗೆ ಆ ಸಂಖ್ಯೆ ಎಲ್ಲಿಂದ ಬಂತೋ ತಿಳಿಯದು. ಅಣೆಕಟ್ಟಿಗೆ ನೂರು ವರ್ಷದ ಆಯುಷ್ಯ ಎಂದು ಕೆಲವರು ಹೇಳುವುದೂ ಯೋಜನೆಯ ಲಾಭನಷ್ಟದ ಮತ್ತು ಹೂಳಿನ ಲೆಕ್ಕದಿಂದ ಹುಟ್ಟಿದ ಮಾತೇ ಹೊರತು, ನೂರೊಂದನೆಯ ವರ್ಷ ಗೋಡೆ ಬೀಳುತ್ತದೆ ಎಂದಲ್ಲ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದದ್ದು, 2022ರಲ್ಲಿ ಮತ್ತೆ ತುಂಬಿ ಕೋಡಿ ಹರಿಯಿತು.

ಕಾಂಕ್ರೀಟ್ ಎಷ್ಟು ಸಹಿಸಬಲ್ಲದು ಎಂಬುದಕ್ಕೆ ನಮ್ಮ ಕೃಷ್ಣಾ ನದಿಯ ಮೇಲ್ಭಾಗದಲ್ಲೇ ಒಂದು ಉದಾಹರಣೆ ಇದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬುಡದಲ್ಲಿ ಆರಕ್ಕೂ ಮೇಲ್ಪಟ್ಟ ತೀವ್ರತೆಯ ಭೂಕಂಪವಾಯಿತು. ಕೊಯ್ನಾ ಊರು ನೆಲಕಚ್ಚಿತು. 103 ಮೀಟರ್ ಎತ್ತರದ ಅಣೆಕಟ್ಟಿನ ಮೇಲ್ಭಾಗದಲ್ಲಿ ಹಲವು ಬ್ಲಾಕುಗಳಿಗೆ ಅಡ್ಡ ಬಿರುಕುಗಳು ಬಿದ್ದವು, ಆದರೂ ಅಣೆಕಟ್ಟು ನೀರು ಹಿಡಿದುಕೊಂಡೇ ನಿಂತಿತು. ಆಮೇಲೆ ಹಿಂಬದಿಗೆ ಕಾಂಕ್ರೀಟಿನ ಆಸರೆ ಕೊಟ್ಟು ಅದನ್ನು ಗಟ್ಟಿಮಾಡಿದರು. ಆಲಮಟ್ಟಿಗೆ ಪ್ರತಿ ಮಳೆಗಾಲ ಬರುವ ನೀರಿನಲ್ಲಿ ಅದೇ ಕೊಯ್ನೆಯ ಪಾಲಿದೆ.

ಹಾಗಾದರೆ ಯಾವುದಕ್ಕೆ ಹೆದರಬೇಕು? ನಾನಾಗಿದ್ದರೆ ಸೋರಿಕೆಯ ಗಾತ್ರಕ್ಕಿಂತ ಅದರ ನಡತೆಯನ್ನು ನೋಡುತ್ತೇನೆ. ಜಲಾಶಯದ ಮಟ್ಟ ಹೋದ ವರ್ಷದಷ್ಟೇ ಇದ್ದು ಸೋರಿಕೆ ಮಾತ್ರ ಏರಿದ್ದರೆ ಅದಕ್ಕೆ ಕಾರಣ ಹುಡುಕಲೇಬೇಕು. ತಿಳಿಯಾಗಿ ಬರುತ್ತಿದ್ದ ನೀರು ಕೆಸರಾದರೆ ತಳದ ಬಂಡೆಯ ಸೀಳುಗಳಲ್ಲಿನ ಮೆದು ಮಣ್ಣು ತೊಳೆದುಹೋಗುತ್ತಿದೆ ಎಂದರ್ಥ, ಅದು ಅಂದೇ ಮೇಲಿನವರಿಗೆ ವರದಿಯಾಗಬೇಕಾದ ಸಂಗತಿ. ಕಾಂಕ್ರೀಟ್ ಅಣೆಕಟ್ಟುಗಳು ಸೋತಾಗ ಬಹಳಷ್ಟು ಸಲ ಸೋತದ್ದು ಅವುಗಳ ಕಾಲಡಿಯ ನೆಲ. 1928ರಲ್ಲಿ ಅಮೆರಿಕದ ಸೇಂಟ್ ಫ್ರಾನ್ಸಿಸ್, 1959ರಲ್ಲಿ ಫ್ರಾನ್ಸಿನ ಮಾಲ್ಪಾಸೆ, ಎರಡರ ಕಥೆಯೂ ತಳದ, ಬದಿಯ ಬಂಡೆಯದು. ಎರಡು ಬ್ಲಾಕುಗಳ ನಡುವೆ ಒಂದು ಮುಂದೆ ಇನ್ನೊಂದು ಹಿಂದೆ ಸರಿದಂತೆ ಕಂಡರೂ, ಕಾಂಕ್ರೀಟಿನ ಮೈಮೇಲೆ ಜೇಡರಬಲೆಯಂತೆ ಬಿರುಕು ಹರಡಿದ್ದರೂ ಸುಮ್ಮನಿರುವಂತಿಲ್ಲ. ಎರಡನೆಯದು ಕೆಲವು ಜಾತಿಯ ಜಲ್ಲಿಕಲ್ಲು ಸಿಮೆಂಟಿನ ಕ್ಷಾರದೊಂದಿಗೆ ವರ್ತಿಸಿ ಒಳಗಿಂದ ಉಬ್ಬುವ ಕಾಯಿಲೆಯ ಲಕ್ಷಣ. ರಿಹಂದ್, ಹಿರಾಕುಡ್ ಅಣೆಕಟ್ಟುಗಳಲ್ಲಿ ಈ ಕಾಯಿಲೆ ಕಂಡುಬಂದಿದೆ. ನಿಮ್ಮ ವಿವರಣೆಯಲ್ಲಿ ಇವು ಯಾವುವೂ ಇಲ್ಲ.

ತುಂಗಭದ್ರೆಯ ವಿಷಯ ಬೇರೆಯೇ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಗೋಡೆಗೆ ಏನೂ ಆಗಲಿಲ್ಲ. ಹರಿವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ತಾತ್ಕಾಲಿಕವಾಗಿ ಮುಚ್ಚಿದರು. ನನ್ನ ಅನುಭವದಲ್ಲಿ ಅಣೆಕಟ್ಟಿನ ಅತ್ಯಂತ ದುರ್ಬಲ ಅಂಗ ಅದರ ಉಕ್ಕಿನ ಭಾಗಗಳೇ: ಗೇಟು, ಚೈನು, ರೋಪು, ರಬ್ಬರ್ ಸೀಲು. ಜನ ಗೋಡೆಯ ಬಿಳಿ ಗೆರೆ ನೋಡಿ ಹೆದರುತ್ತಾರೆ, ಗ್ರೀಸ್ ಕಾಣದ ಚೈನನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಅಳಿಯಂದಿರು ಮತ್ತೆ ಆ ಕಡೆ ಹೋದರೆ, ಮಳೆಗಾಲಕ್ಕೆ ಮುಂಚೆ ಗೇಟುಗಳನ್ನು ಎತ್ತಿ ಇಳಿಸಿ ಪರೀಕ್ಷಿಸಿದ್ದಾರೆಯೇ, ಕರೆಂಟ್ ಹೋದರೆ ಜನರೇಟರ್ ಇದೆಯೇ ಎಂದು ಕೇಳಲಿ.

ಈಗ ನಿಮ್ಮ ಗಿಲಾವಿನ ಸಲಹೆಗೆ ಬರುತ್ತೇನೆ. ಹೊರಮೈಗೆ ಗಿಲಾವು ಮಾಡುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕೆಟ್ಟ ದಾರಿ. ನಾನು ಕೆಲಸ ಮಾಡಿದ ಒಂದು ಕಡೆ, ಊರಿನ ಹೆಸರು ಬೇಡ, ದೊಡ್ಡವರ ಭೇಟಿಗೆ ಹದಿನೈದು ದಿನ ಮುಂಚೆ ಒದ್ದೆ ಕಾಣುವ ಪಟ್ಟೆಗಳಿಗೆಲ್ಲ ಸಿಮೆಂಟ್ ಬಳಿದು ಮೇಲೆ ಬಣ್ಣ ಹಚ್ಚಿದರು. ಗೋಡೆ ಫೋಟೊಕ್ಕೆ ಚೆನ್ನಾಗಿಯೇ ಬಂತು. ಮುಂದಿನ ಮಳೆಗಾಲ ಜಲಾಶಯ ತುಂಬುತ್ತಿದ್ದಂತೆ ಆ ಗಿಲಾವು ಹಪ್ಪಳದಂತೆ ಉಬ್ಬಿ, ಅಂಗೈಯಿಂದ ಬಡಿದರೆ ಟೊಳ್ಳು ಸದ್ದು ಬರುತ್ತಿತ್ತು. ಹಿಂದೆ ನೀರು ಸೇರಿಕೊಂಡು, ಬೇರೆ ದಾರಿ ಹುಡುಕಿ ಎರಡು ಬ್ಲಾಕಿನಾಚೆ ಹೊರಬಿತ್ತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಎಲ್ಲಿಂದ ಎಷ್ಟು ಬರುತ್ತಿತ್ತೆಂಬ ವರ್ಷಗಳ ದಾಖಲೆ ನಿರುಪಯೋಗವಾಯಿತು. ನೀರನ್ನು ತಡೆಯಬೇಕಾದದ್ದು ಅದು ಒಳಹೊಗುವ ಬದಿಯಲ್ಲಿ, ಹೊರಬೀಳುವ ಬದಿಯಲ್ಲಿ ಅದಕ್ಕೆ ದಾರಿ ಬಿಡಬೇಕು.

ಸೋರಿಕೆ ಸ್ಥಿರವಾಗಿದ್ದರೆ ಅಳೆಯುತ್ತ ಇರುವುದು, ಮುಚ್ಚಿಹೋದ ಬಸಿ ರಂಧ್ರಗಳನ್ನು ಮತ್ತೆ ಕೊರೆದು ತೆರೆಯುವುದು, ಇವಿಷ್ಟೇ ಸಾಕಾಗುವ ಅಣೆಕಟ್ಟುಗಳು ಹೆಚ್ಚು. ಅದಕ್ಕೂ ಮೀರಿದರೆ ಗ್ರೌಟಿಂಗ್, ಅಂದರೆ ಮೇಲಿನಿಂದ ಅಥವಾ ಗ್ಯಾಲರಿಯಿಂದ ರಂಧ್ರ ಕೊರೆದು ಸಿಮೆಂಟಿನ ಹಾಲನ್ನು ಒತ್ತಡದಿಂದ ತುಂಬುವುದು. ನುರಿತ ಕೈಯಲ್ಲಿ ಇದು ಒಳ್ಳೆಯ ಚಿಕಿತ್ಸೆ. ಆತುರದ ಕೈಯಲ್ಲಿ ಒತ್ತಡ ಹೆಚ್ಚಾಗಿ ಹಳೆಯ ಕಾಂಕ್ರೀಟಿನ ಪದರಗಳೇ ಬಿಡಬಹುದು, ಅಥವಾ ಆ ಸಿಮೆಂಟ್ ಹೋಗಿ ಬಸಿ ರಂಧ್ರಗಳನ್ನೇ ತುಂಬಿಬಿಡಬಹುದು. ರೋಗಕ್ಕೆ ಕೊಟ್ಟ ಮದ್ದು ಮೂಗನ್ನೇ ಮುಚ್ಚಿದಂತೆ. ಇನ್ನೊಂದು ದಾರಿ ನೀರಿನ ಬದಿಯ ಇಡೀ ಮೈಗೆ ದಪ್ಪ ಪಿವಿಸಿ ಹೊದಿಕೆ ಹಾಸುವುದು. ತಮಿಳುನಾಡಿನ ಕಡಂಪಾರೈ ಅಣೆಕಟ್ಟಿಗೆ 2005ರಲ್ಲಿ ಹೀಗೆ ಮಾಡಿದರು. ಪರಿಣಾಮ ಒಳ್ಳೆಯದು, ಖರ್ಚು ದೊಡ್ಡದು, ಸಾಮಾನ್ಯವಾಗಿ ಜಲಾಶಯವನ್ನೂ ಇಳಿಸಬೇಕಾಗುತ್ತದೆ.

ಕುಡಿಯುವ ನೀರಿನ ಅಣೆಕಟ್ಟಿನ ನಿಜವಾದ ಇಕ್ಕಟ್ಟು ಇರುವುದು ಇಲ್ಲಿಯೇ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ನಮ್ಮಲ್ಲಿ 600ರ ಆಸುಪಾಸು, ಆದರೂ ಬೇಸಿಗೆಯಲ್ಲಿ ಅವರಿಗೂ ನೀರಿಲ್ಲ, ಏಕೆಂದರೆ ಅಲ್ಲಿನ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಸಮುದ್ರ ಸೇರುತ್ತದೆ. 2019ರ ಬೇಸಿಗೆಯಲ್ಲಿ ಮಂಗಳೂರು, ಉಡುಪಿ ಎರಡೂ ಕಡೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅಣೆಕಟ್ಟಿನ ಒಳಮೈ ದುರಸ್ತಿಗೆ ಸಿಗುವ ಒಣ ತಿಂಗಳುಗಳು ಜನರಿಗೆ ಆ ನೀರು ಅತ್ಯಗತ್ಯವಾದ ತಿಂಗಳುಗಳೇ. ಜಲಾಶಯ ಖಾಲಿ ಮಾಡಿ ಎಂದು ಬರೆಯುವುದು ಸುಲಭ, ಮೇ ತಿಂಗಳಲ್ಲಿ ಒಂದು ಪಟ್ಟಣಕ್ಕೆ ಟ್ಯಾಂಕರಿನಲ್ಲಿ ನೀರು ಹೊರುವುದು ಸುಲಭವಲ್ಲ. ಆದ್ದರಿಂದ ಅಪಾಯವಿಲ್ಲದ ಸೋರಿಕೆಗೆ ಎಂಜಿನಿಯರುಗಳು ಕೈಹಾಕದಿದ್ದರೆ ಅದು ಯಾವಾಗಲೂ ಸೋಮಾರಿತನವಲ್ಲ. ಕೆಲವೊಮ್ಮೆ ಸೋಮಾರಿತನವೂ ಹೌದು, ಅದನ್ನು ಕಂಡುಹಿಡಿಯುವುದು ಅಳತೆಯ ಪುಸ್ತಕದಿಂದ.

ಆ ಪುಸ್ತಕವನ್ನು ಕೇಳುವ ಹಕ್ಕು ನಿಮ್ಮ ಮಗಳಿಗಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ ಮಾಡುವುದು, ಸೋರಿಕೆ ಮೊದಲಾದವುಗಳನ್ನು ಅಳೆಯಲು ಉಪಕರಣ ಇಡುವುದು, ತುರ್ತು ಕ್ರಿಯಾ ಯೋಜನೆ ಸಿದ್ಧಪಡಿಸುವುದು ಅಣೆಕಟ್ಟಿನ ಒಡೆತನದವರ ಹೊಣೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವಾಗ ‘ಅಣೆಕಟ್ಟು ಸುರಕ್ಷಿತವೇ’ ಎಂದು ಕೇಳಬೇಡಿ, ‘ಹೌದು’ ಎಂಬ ಒಂದು ಪದದ ಉತ್ತರ ಬರುತ್ತದೆ. ಕಳೆದ ಐದು ವರ್ಷಗಳ ಸೋರಿಕೆಯ ಅಳತೆಗಳನ್ನು, ಅದೇ ದಿನಗಳ ಜಲಾಶಯದ ಮಟ್ಟದೊಂದಿಗೆ, ಹಾಗೂ ಕೊನೆಯ ಎರಡು ತಪಾಸಣಾ ವರದಿಗಳನ್ನು ಕೇಳಿ. ಅವು ಬಂದರೆ ನನಗೆ ಕಳಿಸಿ, ಓದಿ ಹೇಳುತ್ತೇನೆ.

ಇನ್ನು ಮನೆ ಬದಲಿಸುವ ಪ್ರಶ್ನೆ. ನೀವು ವಿವರಿಸಿದಂಥ ಸೋರಿಕೆಯ ಕಾರಣಕ್ಕೆ ಮನೆ ಬದಲಿಸಬೇಕಾಗಿಲ್ಲ. ಆದರೆ ನದಿದಂಡೆಯ ಮನೆಗೆ ಇನ್ನೊಂದು ಅಪಾಯ ಇದ್ದೇ ಇದೆ, ಅದಕ್ಕೆ ಅಣೆಕಟ್ಟು ಒಡೆಯಬೇಕಾಗಿಯೂ ಇಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ತೀರದ ನಮ್ಮ ಊರುಗಳು ಮುಳುಗಿದಾಗ ಮೇಲಿನ ಯಾವ ದೊಡ್ಡ ಅಣೆಕಟ್ಟೂ ಒಡೆದಿರಲಿಲ್ಲ, ತುಂಬಿದ ಜಲಾಶಯಗಳಿಂದ ಗೇಟು ಎತ್ತಿ ಬಿಟ್ಟ ನೀರೂ ಕೆಳಗಿನ ಮಳೆಯ ನೀರೂ ಕೂಡಿ ಬಂದಿತ್ತು. ಗೇಟು ಎತ್ತುವ ಮುನ್ನ ಸೈರನ್ ಕೂಗುತ್ತದೆಯೇ, ಅದು ಅವರ ಓಣಿಯವರೆಗೆ ಕೇಳಿಸುತ್ತದೆಯೇ, ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಇಷ್ಟನ್ನು ನಗರಸಭೆಯಲ್ಲಿ ಮತ್ತು ಅಲ್ಲಿನ ಹಿರಿಯರಲ್ಲಿ ವಿಚಾರಿಸಿ.

ಫಿಲ್ಟರ್ ಕ್ಯಾಂಡಲ್ಲಿನ ಕೆಂಪು ಅಣೆಕಟ್ಟಿನ ತುಕ್ಕಲ್ಲ. ಜಂಬಿಟ್ಟಿಗೆಯ ಕೆಂಪಿಗೆ ಕಾರಣವೇ ಕಬ್ಬಿಣ, ಆ ನಾಡಿನ ನೀರಿನಲ್ಲಿ ಅದು ತುಸು ಬರುವುದು ಸಹಜ. ಆಳವಾದ ಜಲಾಶಯದ ತಳದಲ್ಲಿ ಬೇಸಿಗೆಯ ಹೊತ್ತಿಗೆ ಆಮ್ಲಜನಕ ಮುಗಿದು ಹೂಳಿನ ಕಬ್ಬಿಣ, ಮ್ಯಾಂಗನೀಸ್ ನೀರಿಗೆ ಕರಗುತ್ತವೆ. ಶುದ್ಧೀಕರಣ ಘಟಕದಲ್ಲಿ ನೀರಿಗೆ ಗಾಳಿ ಹಿಡಿಸಿ, ಪಟಿಕ ಹಾಕಿ, ಮರಳಿನಲ್ಲಿ ಸೋಸಿದಾಗ ಇದರ ಬಹುಪಾಲು ಹೋಗಬೇಕು. ಹೋಗಿಲ್ಲವೆಂದರೆ ಘಟಕದ ದೋಷ, ಇಲ್ಲವೇ ದಾರಿಯ ಹಳೆಯ ಕಬ್ಬಿಣದ ಪೈಪು. ಯಾವುದೆಂದು ಮನೆಯಲ್ಲೇ ಸ್ಥೂಲವಾಗಿ ತಿಳಿಯಬಹುದು. ಬೆಳಿಗ್ಗೆ ಮೊದಲು ಬಂದ ನೀರು ಕೆಂಪಾಗಿದ್ದು ಐದು ನಿಮಿಷದಲ್ಲಿ ತಿಳಿಯಾದರೆ ಪೈಪಿನ ತುಕ್ಕು. ನಲ್ಲಿಯಿಂದ ತಿಳಿಯಾಗಿ ಬಂದ ನೀರನ್ನು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟಾಗ ತಳದಲ್ಲಿ ಕಂದು ಗಷ್ಟು ಕೂತರೆ ಅದು ಕರಗಿ ಬಂದ ಕಬ್ಬಿಣ. ಎರಡನೆಯದಾದರೆ ನಗರಸಭೆಗೆ ಬರೆದು, ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ನೀರು ಉಪ್ಪುಪ್ಪಾಗಿದ್ದರೆ ಕ್ಲೋರೈಡನ್ನೂ ನೋಡಲು ಹೇಳಿ, ಲೀಟರಿಗೆ 250 ಮಿಲಿಗ್ರಾಂವರೆಗೆ ಒಪ್ಪತಕ್ಕದ್ದೆಂದು ಭಾರತೀಯ ಮಾನಕ ಹೇಳುತ್ತದೆ. ಗೋಡೆಯಿಂದ ಕರಗುವ ಸುಣ್ಣದ ಬಗ್ಗೆ ಚಿಂತೆ ಬೇಡ. ಅದು ಹೋಗುವುದು ಹಿಂಬದಿಯ ಹಳ್ಳಕ್ಕೆ, ಮಗಳ ನಲ್ಲಿಗಲ್ಲ.

ಕೊನೆಯದಾಗಿ ನಿಮ್ಮ ಅಣ್ಣನವರ ಪ್ರಶ್ನೆ. ‘ಕರೆಂಟ್ ತೆಗೆದ ನೀರು’ ಎಂಬ ಮಾತನ್ನು ಆಲಮಟ್ಟಿಯ ಸುತ್ತಲ ಹೊಲಗಳಲ್ಲಿ ನಾನೂ ಎಷ್ಟೋ ಸಲ ಕೇಳಿದ್ದೇನೆ, ಬೆಳೆ ಚೆನ್ನಾಗಿ ಬಾರದ ವರ್ಷ ತುಸು ಹೆಚ್ಚಾಗಿಯೇ. ವಿದ್ಯುತ್ ಚಕ್ರ ನೀರಿನಿಂದ ತೆಗೆದುಕೊಳ್ಳುವುದು ಎತ್ತರದಿಂದ ಬಿದ್ದ ರಭಸವನ್ನು. ಅದೇ ನೀರು ಗೋಕಾಕದ ಬಂಡೆಯ ಮೇಲಿಂದ ಧುಮುಕಿದರೂ ಆ ರಭಸ ಕಳೆದುಹೋಗುತ್ತದೆ, ಆದರೆ ಗೋಕಾಕ ಜಲಪಾತದ ಕೆಳಗಿನ ಘಟಪ್ರಭೆಯಲ್ಲಿ ಸತ್ವವಿಲ್ಲವೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.